ಆಪರೇಷನ್ನಿಗೆ ನೆರವುಂಟು, ತಪಾಸಣೆಗೆ ಯಾರುಂಟು?



ನಮ್ಮ ಸಂಘದ ವೈದ್ಯಕೀಯ ನೆರವು ನಿಧಿಗೆ ಅಹಮದಾಬಾದ್, ವಡೋದರಾ, ಸೂರತ್ ಮೂರೂ ನಗರಗಳಿಂದ ಅರ್ಜಿಗಳು ಬರುತ್ತವೆ. ಹೃದಯ, ಕಿಡ್ನಿ, ಅಪಘಾತ, ಕ್ಯಾನ್ಸರ್ ಇವುಗಳ ಜೊತೆಗೆ ವರ್ಷವೂ ತಪ್ಪದೆ ಬರುವ ಇನ್ನೊಂದು ಬಗೆಯ ಅರ್ಜಿ ಇದೆ: ‘ಗರ್ಭಕೋಶದ ಆಪರೇಷನ್ನಿಗೆ ಸಹಾಯ’. ಅರ್ಜಿದಾರರು ಹೆಚ್ಚಾಗಿ ಹೋಟೆಲು, ಕ್ಯಾಂಟೀನು, ಸಣ್ಣ ಕಾರ್ಖಾನೆ, ಜವಳಿ ಅಂಗಡಿಗಳಲ್ಲಿ ದುಡಿಯುವ ನಮ್ಮವರ ಮನೆಯ ಹೆಣ್ಣುಮಕ್ಕಳು. ವಯಸ್ಸು ಮೂವತ್ತೈದರಿಂದ ನಲವತ್ತೈದರ ಆಸುಪಾಸು.

ಈ ಅರ್ಜಿಗಳ ಕಾಗದಪತ್ರ ಪರಿಶೀಲಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಬ್ಯಾಂಕಿನಲ್ಲಿ ಸಾಲದ ಕಡತ ನೋಡಿ ಪಳಗಿದ ಕಣ್ಣಿಗೆ ಇಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ಮೇಲೆ ಆಸ್ಪತ್ರೆಯ ಎಸ್ಟಿಮೇಟ್ ಇರುತ್ತದೆ, ಕೆಳಗೆ ಒಂದು ಸೋನೋಗ್ರಫಿ ರಿಪೋರ್ಟು. ಅಷ್ಟೇ. ರಕ್ತ ಪರೀಕ್ಷೆ ಮಾಡಿಸಿದ್ದರೇ, ಥೈರಾಯ್ಡ್ ನೋಡಿದ್ದರೇ, ಮೊದಲು ಯಾವ ಮಾತ್ರೆ ಕೊಟ್ಟರು, ಎಷ್ಟು ತಿಂಗಳು ಕೊಟ್ಟರು, ಅದಕ್ಕೆ ಕಾಯಿಲೆ ಬಗ್ಗಿತೋ ಇಲ್ಲವೋ ಎಂಬುದಕ್ಕೆ ಒಂದು ಚೀಟಿಯೂ ಇರುವುದಿಲ್ಲ. ಆಪರೇಷನ್ ಕೊನೆಯ ಮೆಟ್ಟಿಲು. ಅದಕ್ಕಿಂತ ಮೊದಲಿನ ಮೆಟ್ಟಿಲುಗಳೇ ಕಾಣೆಯಾಗಿವೆ.

ನಾನು ವೈದ್ಯನಲ್ಲ, ವಾಣಿಜ್ಯ ಪದವೀಧರ. ಈ ಲೇಖನದಲ್ಲಿ ಬರುವ ವೈದ್ಯಕೀಯ ವಿಷಯಗಳನ್ನು ನಮ್ಮ ಸಂಘದ ವೈದ್ಯೆ ಸದಸ್ಯರೊಬ್ಬರು ಓದಿ ತಿದ್ದಿಕೊಟ್ಟಿದ್ದಾರೆ. ಹಣದ ಲೆಕ್ಕ ಮಾತ್ರ ನನ್ನದು. ಆ ಲೆಕ್ಕದಿಂದಲೇ ಆರಂಭಿಸುತ್ತೇನೆ.

ಹಣ ಎಲ್ಲಿ ಸಿಗುತ್ತದೆ, ಎಲ್ಲಿ ಸಿಗುವುದಿಲ್ಲ

ಆಯುಷ್ಮಾನ್ ಭಾರತ್ ಯೋಜನೆ 2018ರ ಸೆಪ್ಟೆಂಬರ್ 23ರಂದು ಆರಂಭವಾಯಿತು. ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ಚಿಕಿತ್ಸೆ ಅದರಲ್ಲಿದೆ. ಗುಜರಾತ್ ಸರ್ಕಾರ 2023ರ ಜುಲೈಯಿಂದ ಈ ಮಿತಿಯನ್ನು 10 ಲಕ್ಷಕ್ಕೆ ಏರಿಸಿದೆ. ಬಡವರಿಗೆ ಇದು ದೊಡ್ಡ ಆಸರೆ, ಸಂದೇಹವಿಲ್ಲ. ಆದರೆ ಈ ಯೋಜನೆ ನಡೆಯುವುದು ಆಸ್ಪತ್ರೆಗೆ ದಾಖಲಾದಾಗ. ದಾಖಲಾಗುವ ಹಿಂದಿನ 3 ದಿನಗಳ ಪರೀಕ್ಷೆ, ಬಿಡುಗಡೆಯಾದ ಮೇಲೆ 15 ದಿನಗಳ ಔಷಧಿ ಇವು ಪ್ಯಾಕೇಜಿನೊಳಗೆ ಸೇರುತ್ತವೆ. ದಾಖಲಾಗದೆ ಹೊರರೋಗಿಯಾಗಿ ಮಾಡಿಸಿದ ಪರೀಕ್ಷೆ, ಆರು ತಿಂಗಳು ನುಂಗಬೇಕಾದ ಮಾತ್ರೆ, ಇವಕ್ಕೆ ಕೈಯಿಂದಲೇ ಕೊಡಬೇಕು.

ಖಾಸಗಿ ಆರೋಗ್ಯ ವಿಮೆಯೂ ಹೆಚ್ಚುಕಡಿಮೆ ಹೀಗೆಯೇ. 2020ರ ಏಪ್ರಿಲ್‌ನಲ್ಲಿ ಬಂದ ‘ಆರೋಗ್ಯ ಸಂಜೀವನಿ’ ಪಾಲಿಸಿಯನ್ನೇ ನೋಡಿ. ದಾಖಲಾಗುವ ಮುಂಚಿನ 30 ದಿನಗಳ ಖರ್ಚು ಸಿಗುತ್ತದೆ ನಿಜ, ಆದರೆ ದಾಖಲಾದರೆ ಮಾತ್ರ. ಗರ್ಭಕೋಶ ತೆಗೆಯುವ ಆಪರೇಷನ್ನಿಗೆ ಪಾಲಿಸಿ ತೆಗೆದುಕೊಂಡ ಮೇಲೆ 24 ತಿಂಗಳು ಕಾಯಬೇಕು ಎಂಬ ಷರತ್ತೂ ಇದೆ. ಪಾಲಿಸಿ ಇರುವವರು ಈ ಸಾಲನ್ನು ಒಮ್ಮೆ ಓದಿಟ್ಟುಕೊಳ್ಳುವುದು ಒಳ್ಳೆಯದು.

ಈಗ ತಿಂಗಳಿಗೆ ಹದಿನೈದು ಸಾವಿರ ಸಂಬಳದ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮನೆಯಾಕೆಗೆ ತಿಂಗಳಿಗೆ ಹತ್ತು ದಿನ ರಕ್ತ ಹೋಗುತ್ತದೆ. ರಕ್ತ ಪರೀಕ್ಷೆ, ಥೈರಾಯ್ಡ್, ಸೋನೋಗ್ರಫಿ, ಬೇಕಾದರೆ ಬಯಾಪ್ಸಿ, ಆಮೇಲೆ ಕೆಲವು ತಿಂಗಳ ಔಷಧಿ, ನಾಲ್ಕು ಸಲ ಡಾಕ್ಟರ ಭೇಟಿ, ಪ್ರತಿ ಭೇಟಿಗೂ ಒಂದು ದಿನದ ಕೂಲಿ ಖೋತಾ. ಇದೆಲ್ಲ ಕೈಯಿಂದ ಹೋಗುವ ಹಣ. ಅದೇ ಗರ್ಭಕೋಶವನ್ನೇ ತೆಗೆಸಿಬಿಟ್ಟರೆ ಕಾರ್ಡಿನಲ್ಲಿ ಖರ್ಚಿಲ್ಲದೆ ಆಗುತ್ತದೆ, ‘ಒಂದೇ ಸಲಕ್ಕೆ ಮುಗಿಯುತ್ತದೆ’. ಆ ಮನೆಯವರು ಯಾವುದನ್ನು ಆರಿಸಿಕೊಳ್ಳುತ್ತಾರೆ? ಅವರನ್ನು ದೂರುವ ಹಾಗಿಲ್ಲ. ಲೆಕ್ಕವೇ ಅವರನ್ನು ಅಲ್ಲಿಗೆ ತಳ್ಳುತ್ತದೆ.

ಅಹಮದಾಬಾದಿನಲ್ಲೇ ಸಿಕ್ಕಿದ ಪಾಠ

ಇದು ಊಹೆಯ ಮಾತಲ್ಲ. ನಮ್ಮ ಅಹಮದಾಬಾದಿನ ‘ಸೇವಾ’ ಸಂಸ್ಥೆ ಎಲ್ಲರಿಗೂ ಗೊತ್ತು. ಇಳಾ ಭಟ್ ಅವರು 1972ರಲ್ಲಿ ಕಟ್ಟಿದ, ಅಸಂಘಟಿತ ವಲಯದ ದುಡಿಯುವ ಹೆಂಗಸರ ಸಂಘ ಅದು. ನಾಲ್ಕು ಸಾವಿರ ಹೆಂಗಸರು ತಲಾ ಹತ್ತು ರೂಪಾಯಿ ಷೇರು ಹಣ ಹಾಕಿ 1974ರಲ್ಲಿ ತಮ್ಮದೇ ಬ್ಯಾಂಕು ಮಾಡಿಕೊಂಡರು ಎಂಬ ಸಂಗತಿ ಬ್ಯಾಂಕಿನಲ್ಲಿದ್ದ ನಮ್ಮಂಥವರಿಗೆ ಈಗಲೂ ಅಭಿಮಾನದ ವಿಷಯ. 1992ರಲ್ಲಿ ಅವರದೇ ವಿಮಾ ಯೋಜನೆ ‘ವಿಮೋ ಸೇವಾ’ ಆರಂಭವಾಯಿತು.

ಆ ವಿಮೆಗೆ ಬರುವ ಕ್ಲೇಮುಗಳಲ್ಲಿ ಗರ್ಭಕೋಶ ತೆಗೆಸಿದವು ಎದ್ದು ಕಂಡವು. ಕಾರಣ ತಿಳಿಯಲು ಅಹಮದಾಬಾದ್ ನಗರ ಮತ್ತು ಜಿಲ್ಲೆಯ ಕಡಿಮೆ ಆದಾಯದ ಮನೆಗಳಲ್ಲಿ ಸಮೀಕ್ಷೆ ನಡೆಯಿತು; ಸಪ್ನಾ ದೇಸಾಯಿ ಮತ್ತು ಸಂಗಡಿಗರು ಅದರ ಫಲಿತಾಂಶವನ್ನು 2011ರಲ್ಲಿ ಪ್ರಕಟಿಸಿದರು. ಹಳ್ಳಿಯಲ್ಲಿ ವಿಮೆ ಇದ್ದ ಹೆಂಗಸರಲ್ಲಿ ಶೇ. 9.8 ಮಂದಿ, ವಿಮೆ ಇಲ್ಲದವರಲ್ಲಿ ಶೇ. 7.2 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ನಗರದಲ್ಲಿ ಈ ಅಂಕಿಗಳು ಕ್ರಮವಾಗಿ ಶೇ. 5.3 ಮತ್ತು ಶೇ. 4. ಈ ಆಪರೇಷನ್ನುಗಳಲ್ಲಿ ಸುಮಾರು ಮೂರನೇ ಒಂದು ಭಾಗ 35 ವರ್ಷವೂ ತುಂಬದವರದು.

ಅದೇ ಸಂಸ್ಥೆ ಮುಂದೆ ಆರೋಗ್ಯ ಕಾರ್ಯಕರ್ತೆಯರಿಂದ ಮೊಹಲ್ಲಾಗಳಲ್ಲಿ, ಹಳ್ಳಿಗಳಲ್ಲಿ ತಿಳಿವಳಿಕೆ ಸಭೆಗಳನ್ನು ನಡೆಸಿ, ಅದರಿಂದ ಈ ಆಪರೇಷನ್ನುಗಳು ಕಡಿಮೆಯಾಗುತ್ತವೆಯೇ ಎಂದು ಕ್ರಮಬದ್ಧವಾಗಿ ಅಳೆದು ನೋಡಿತು. ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ನನಗೆ ಬಹಳ ಮುಖ್ಯವೆನಿಸಿದ್ದು ಈ ಭಾಗ. ಹೆಣ್ಣುಮಗಳಿಗೆ ‘ತೆಗೆಸಬೇಡ’ ಎಂದು ತಿಳಿಹೇಳಿದರೆ ಸಾಲದು. ತೆಗೆಸದಿದ್ದರೆ ಮತ್ತೇನು ಮಾಡಬೇಕು ಎಂಬುದಕ್ಕೆ ಅವಳ ಕೈಗೆಟುಕುವ ದಾರಿ ಇರಬೇಕು.

ದೇಶದ ಮಟ್ಟದಲ್ಲೂ ಚಿತ್ರ ಇದೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 3.3 ಮಂದಿಗೆ ಈ ಆಪರೇಷನ್ ಆಗಿದೆ. ಅವರಲ್ಲಿ ಅರ್ಧದಷ್ಟು ಜನ ಕೊಟ್ಟ ಕಾರಣ ಅತಿಯಾದ ರಕ್ತಸ್ರಾವ ಅಥವಾ ನೋವು.

ನಮ್ಮ ತಾಯ್ನಾಡೂ ಇದಕ್ಕೆ ಹೊರತಲ್ಲ. ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳ ಹೆಂಗಸರು ಬಿಳಿ ಮುಟ್ಟು, ಹೊಟ್ಟೆನೋವು, ಬೆನ್ನುನೋವು ಎಂದು ಆಸ್ಪತ್ರೆಗೆ ಹೋದರೆ ಒಂದು ಸ್ಕ್ಯಾನಿಂಗ್ ಮಾಡಿಸಿ, ‘ಕ್ಯಾನ್ಸರ್ ಆಗಬಹುದು’ ಎಂದು ಹೆದರಿಸಿ ಗರ್ಭಕೋಶ ತೆಗೆದ ಪ್ರಕರಣಗಳು 2015ರ ಹೊತ್ತಿಗೆ ಬೆಳಕಿಗೆ ಬಂದವು. ಕರ್ನಾಟಕ ಜನಾರೋಗ್ಯ ಚಳವಳಿ ಅದನ್ನು ಎತ್ತಿಕೊಂಡಿತು, ಸರ್ಕಾರ ವಿಚಾರಣೆ ನಡೆಸಿತು. ಬಿಹಾರ, ಛತ್ತೀಸಗಢ, ರಾಜಸ್ಥಾನಗಳ ಇಂಥದೇ ದೂರುಗಳ ಬಗ್ಗೆ ಡಾ. ನರೇಂದ್ರ ಗುಪ್ತಾ ಅವರು ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಸುಪ್ರೀಂ ಕೋರ್ಟು 2023ರ ಏಪ್ರಿಲ್ 5ರಂದು ತೀರ್ಪು ಕೊಟ್ಟಿತು. ಅನಗತ್ಯ ಆಪರೇಷನ್ ತಡೆಯಲು ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಆದೇಶವಾಯಿತು. ರಾಜ್ಯ, ಜಿಲ್ಲಾ ಮಟ್ಟದ ಉಸ್ತುವಾರಿ ಸಮಿತಿಗಳು, 40 ವರ್ಷದೊಳಗಿನವರ ಆಪರೇಷನ್ನುಗಳ ಮೇಲೆ ವಿಶೇಷ ನಿಗಾ, ಇವು ಆ ಮಾರ್ಗಸೂಚಿಯಲ್ಲಿವೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಈ ಆಪರೇಷನ್ನೇ ಕೆಟ್ಟದ್ದೆಂದು ಯಾರೂ ತಿಳಿಯಬಾರದು. ಕ್ಯಾನ್ಸರ್ ಇದ್ದಾಗ, ಗಡ್ಡೆ ಬಹಳ ದೊಡ್ಡದಾದಾಗ, ಬೇರೆ ಚಿಕಿತ್ಸೆಗೆ ರಕ್ತಸ್ರಾವ ಬಗ್ಗದಿದ್ದಾಗ ಅದು ಜೀವ ಉಳಿಸುತ್ತದೆ. ಆದರೆ ಆಪರೇಷನ್ನಿನ ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ಆ ಹೆಣ್ಣಿಗೆ ಮುಟ್ಟು ನಿಲ್ಲುವ ಕಾಲದ ಬದಲಾವಣೆಗಳೆಲ್ಲ ಒಂದೇ ದಿನದಲ್ಲಿ ಬರುತ್ತವೆ. ಚಿಕ್ಕ ವಯಸ್ಸಿನಲ್ಲಿ ಹೀಗಾದರೆ ಮೂಳೆ ಸವೆತ, ಹೃದಯದ ಕಾಯಿಲೆಗಳ ಸಂಭವ ಹೆಚ್ಚು. ಆದ್ದರಿಂದ ನಮ್ಮ ಪ್ರಶ್ನೆ ಒಂದೇ: ಮೊದಲು ಕಾರಣ ಗೊತ್ತಾಯಿತೇ?

ಲಕ್ಷಣ ಒಂದು, ಕಾರಣ ಹಲವು

ಅತಿಯಾದ ರಕ್ತಸ್ರಾವ: ಮುಟ್ಟು 24ರಿಂದ 38 ದಿನಗಳಿಗೊಮ್ಮೆ ಬಂದು 8 ದಿನಗಳೊಳಗೆ ನಿಲ್ಲುವುದು ಸಹಜ. ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾಗುವುದು, ದೊಡ್ಡ ಗಡ್ಡೆಗಟ್ಟಿದ ರಕ್ತ ಬೀಳುವುದು, ನಡುನಡುವೆ ರಕ್ತ ಕಾಣಿಸುವುದು ಸಹಜವಲ್ಲ. ಕಾರಣ ಫೈಬ್ರಾಯ್ಡ್ ಗಡ್ಡೆ ಇರಬಹುದು, ಗರ್ಭಕೋಶದ ಒಳಪೊರೆಯ ಪಾಲಿಪ್ ಇರಬಹುದು, ಥೈರಾಯ್ಡ್ ಇರಬಹುದು, ರಕ್ತ ಹೆಪ್ಪುಗಟ್ಟದ ದೋಷವಿರಬಹುದು, ಅಥವಾ ತಿಂಗಳು ತಿಂಗಳು ಅಂಡ ಬಿಡುಗಡೆಯಾಗದಿರುವುದು ಇರಬಹುದು. ಕಾರಣಕ್ಕೆ ತಕ್ಕಂತೆ ಚಿಕಿತ್ಸೆ. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ, ಹಾರ್ಮೋನು ಮಾತ್ರೆ, ಗರ್ಭಕೋಶದೊಳಗೆ ಕೂರಿಸುವ ಹಾರ್ಮೋನು ಸಾಧನ, ಗಡ್ಡೆಯನ್ನಷ್ಟೇ ತೆಗೆಯುವ ಆಪರೇಷನ್ ಹೀಗೆ ದಾರಿಗಳು ಹಲವು. ಆ ಹಾರ್ಮೋನು ಸಾಧನವನ್ನು ಹೊರರೋಗಿ ವಿಭಾಗದಲ್ಲೇ ಕೂರಿಸಬಹುದು. ಸಾಮಾನ್ಯವಾಗಿ ಐದು ವರ್ಷ ಕೆಲಸ ಮಾಡುತ್ತದೆ. ಇನ್ನು ಫೈಬ್ರಾಯ್ಡ್ ಎಂಬ ಪದ ರಿಪೋರ್ಟಿನಲ್ಲಿ ಕಂಡ ಕೂಡಲೇ ಗಾಬರಿ ಬೇಡ. ತೊಂದರೆ ಕೊಡದ ಸಣ್ಣ ಗಡ್ಡೆಗೆ ಎಷ್ಟೋ ಸಲ ಯಾವ ಚಿಕಿತ್ಸೆಯೂ ಬೇಕಿಲ್ಲ. 45 ದಾಟಿದವರಿಗೆ, ಅಥವಾ ಅತಿ ತೂಕ, ಸಕ್ಕರೆ ಕಾಯಿಲೆ ಇರುವವರಿಗೆ ಇಂಥ ರಕ್ತಸ್ರಾವವಿದ್ದರೆ ಒಳಪೊರೆಯ ಬಯಾಪ್ಸಿ ಮಾಡಿಸುವುದನ್ನು ಮರೆಯಬಾರದು.

ರಕ್ತಹೀನತೆ: ಮೇಲಿನದರ ನೆರಳಿನಂತೆ ಬರುವುದು ಇದು. ಅದೇ 2019–21ರ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇದ್ದರೆ ಗುಜರಾತಿನಲ್ಲಿ ಶೇ. 65 ಮಂದಿಗೆ ಇತ್ತು. ‘ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು’ ಎನ್ನುವ ಹೆಂಗಸಿಗೆ ಹಿಮೋಗ್ಲೋಬಿನ್ ಎಷ್ಟಿದೆ ಎಂದು ನೋಡುವುದು ಅತಿ ಅಗ್ಗದ ಪರೀಕ್ಷೆ. 12 ಗ್ರಾಂಗಿಂತ ಕಡಿಮೆಯಿದ್ದರೆ ಕಬ್ಬಿಣಾಂಶದ ಮಾತ್ರೆ ಕೊಡುವುದರ ಜೊತೆಗೆ ರಕ್ತ ಎಲ್ಲಿ ಹೋಗುತ್ತಿದೆ ಎಂದೂ ಕೇಳಬೇಕು.

ಎಂಡೊಮೆಟ್ರಿಯೋಸಿಸ್: ಗರ್ಭಕೋಶದ ಒಳಪೊರೆಯಂಥ ಅಂಗಾಂಶ ಹೊರಗೆ, ಅಂಡಾಶಯದ ಮೇಲೆ, ಕರುಳಿನ ಸುತ್ತ ಬೆಳೆಯುವುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸಂತಾನ ವಯಸ್ಸಿನ ಹೆಂಗಸರಲ್ಲಿ ಶೇ. 10ರಷ್ಟು ಮಂದಿಗೆ, ಅಂದರೆ ಜಗತ್ತಿನಲ್ಲಿ ಸುಮಾರು 19 ಕೋಟಿ ಜನಕ್ಕೆ ಇದಿದೆ. ಮುಟ್ಟಿನ ಸಮಯದಲ್ಲಿ ಶಾಲೆಗೆ, ಕೆಲಸಕ್ಕೆ ಹೋಗಲಾಗದಷ್ಟು ನೋವು, ಗಂಡ ಹೆಂಡಿರ ಸಂಬಂಧದಲ್ಲಿ ನೋವು, ಮಲವಿಸರ್ಜನೆಯ ವೇಳೆ ನೋವು, ಮಕ್ಕಳಾಗದಿರುವುದು ಇದರ ಲಕ್ಷಣಗಳು. ಕಾಯಿಲೆ ಗೊತ್ತಾಗುವಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ. ‘ಹೆಣ್ಣಾದ ಮೇಲೆ ಇದೆಲ್ಲ ಇದ್ದದ್ದೇ’, ‘ಮದುವೆಯಾದರೆ ಸರಿಹೋಗುತ್ತದೆ’ ಎಂಬ ಮಾತುಗಳೇ ಅದಕ್ಕೆ ಅರ್ಧ ಕಾರಣ. ಸೋನೋಗ್ರಫಿ ಸರಿಯಿದೆ ಎಂದ ಮಾತ್ರಕ್ಕೆ ಈ ಕಾಯಿಲೆ ಇಲ್ಲ ಎಂದಾಗುವುದಿಲ್ಲ. ಮೊದಲೆಲ್ಲ ಲ್ಯಾಪರೊಸ್ಕೋಪಿ ಮಾಡಿ ನೋಡಿದ ಮೇಲೆಯೇ ಚಿಕಿತ್ಸೆ ಎನ್ನುವ ರೂಢಿಯಿತ್ತು. 2022ರ ಯುರೋಪಿನ ತಜ್ಞರ ಮಾರ್ಗಸೂಚಿಯಂತೆ ಲಕ್ಷಣಗಳನ್ನು ಗಮನವಿಟ್ಟು ಕೇಳಿ, ಸ್ಕ್ಯಾನ್ ನೋಡಿ, ಔಷಧಿಯಿಂದಲೇ ಆರಂಭಿಸಬಹುದು.

ಪಿಸಿಒಎಸ್: ಮುಟ್ಟು ತಪ್ಪಿ ತಪ್ಪಿ ಬರುವುದು; ಮುಖದ ಮೇಲೆ ಕೂದಲು, ಮೊಡವೆ, ಅಥವಾ ರಕ್ತದಲ್ಲಿ ಪುರುಷ ಹಾರ್ಮೋನು ಹೆಚ್ಚಿರುವುದು; ಅಂಡಾಶಯದಲ್ಲಿ ಸಣ್ಣ ಸಣ್ಣ ಗುಳ್ಳೆಗಳು. ಈ ಮೂರರಲ್ಲಿ ಎರಡಿದ್ದು, ಥೈರಾಯ್ಡಿನಂಥ ಬೇರೆ ಕಾರಣಗಳಿಲ್ಲ ಎಂದು ಖಚಿತವಾದರೆ ವೈದ್ಯರು ಪಿಸಿಒಎಸ್ ಎನ್ನುತ್ತಾರೆ. ಆದ್ದರಿಂದ ಬರೀ ಸೋನೋಗ್ರಫಿ ನೋಡಿ ‘ಪಿಸಿಒಡಿ ಇದೆ’ ಎಂದು ಹಣೆಪಟ್ಟಿ ಹಚ್ಚುವುದು ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2023ರ ಅಂದಾಜಿನಂತೆ ಶೇ. 8ರಿಂದ 13 ಹೆಂಗಸರಿಗೆ ಇದಿದ್ದು, ಹಲವರಿಗೆ ಅದು ಗೊತ್ತೇ ಇರುವುದಿಲ್ಲ. ಮುಂದೆ ಸಕ್ಕರೆ ಕಾಯಿಲೆ ಬರುವ ಸಂಭವ ಹೆಚ್ಚಾದ್ದರಿಂದ ರಕ್ತದ ಸಕ್ಕರೆಯನ್ನೂ ನೋಡಬೇಕು. ಮೂರು ತಿಂಗಳಾದರೂ ಮುಟ್ಟು ಬರದಿದ್ದರೆ ಸುಮ್ಮನಿರಬಾರದು.

ಬಿಳಿ ಮುಟ್ಟು: ಸ್ವಲ್ಪ ಬಿಳುಪು ಹೋಗುವುದು ಆರೋಗ್ಯವಂತರಲ್ಲೂ ಸಹಜ. ವಾಸನೆ, ತುರಿಕೆ, ಬಣ್ಣ ಬದಲಾವಣೆ ಇದ್ದರೆ ಅದು ಸೋಂಕು, ಮಾತ್ರೆಯಿಂದ ವಾಸಿಯಾಗುತ್ತದೆ. ಕೆಲವು ಸೋಂಕುಗಳಲ್ಲಿ ಗಂಡನಿಗೂ ಚಿಕಿತ್ಸೆ ಬೇಕು. ಬಿಳಿ ಮುಟ್ಟು ಒಂದೇ ಕಾರಣಕ್ಕೆ ಗರ್ಭಕೋಶ ತೆಗೆಸುವುದು ಸರ್ವಥಾ ಕೂಡದು.

ಗರ್ಭಕಂಠದ ಕ್ಯಾನ್ಸರ್: 2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಒಂದು ವರ್ಷಕ್ಕೆ ಸುಮಾರು 1 ಲಕ್ಷ 27 ಸಾವಿರ ಹೊಸ ರೋಗಿಗಳು, ಸುಮಾರು 80 ಸಾವಿರ ಸಾವು. ಎಚ್‌ಪಿವಿ ಎಂಬ ವೈರಸ್ಸಿನಿಂದ ಬರುವ ಈ ಕಾಯಿಲೆ ಬೆಳೆಯಲು ಸಾಮಾನ್ಯವಾಗಿ 15ರಿಂದ 20 ವರ್ಷ ತೆಗೆದುಕೊಳ್ಳುತ್ತದೆ. ಅಷ್ಟು ದೀರ್ಘ ಅವಕಾಶ ನಮಗಿದೆ. ಸರ್ಕಾರದ ಕಾರ್ಯಕ್ರಮದಂತೆ 30ರಿಂದ 65 ವರ್ಷದವರು ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿಕೊಳ್ಳಬೇಕು. ಗರ್ಭಕಂಠಕ್ಕೆ ಅಡುಗೆಯ ವಿನೆಗರ್‌ನಂಥ ತೆಳು ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಬಿಟ್ಟು ನೋಡಿದರೆ ದೋಷವಿರುವ ಜಾಗ ಬೆಳ್ಳಗೆ ಕಾಣುತ್ತದೆ. ಆ ಹಂತದಲ್ಲಿ ಹೊರರೋಗಿಯಾಗಿಯೇ ಚಿಕಿತ್ಸೆ ಮುಗಿಯಬಹುದು. ಹೀಗಿದ್ದೂ 2019–21ರ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನವರಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇರಲಿಲ್ಲ. ಗುಜರಾತಿನಲ್ಲಿ ಇನ್ನೂ ಕಡಿಮೆ. ಹೆಣ್ಣುಮಕ್ಕಳಿಗೆ 9ರಿಂದ 14ರ ವಯಸ್ಸಿನಲ್ಲಿ ಎಚ್‌ಪಿವಿ ಲಸಿಕೆ ಹಾಕಿಸಿದರೆ ಹೆಚ್ಚು ಪ್ರಯೋಜನ. ಪುಣೆಯ ಸೀರಮ್ ಸಂಸ್ಥೆಯ ದೇಶೀ ಲಸಿಕೆ ‘ಸರ್ವಾವ್ಯಾಕ್’ 2023ರಿಂದ ದೊರೆಯುತ್ತಿದೆ.

ಮುಟ್ಟು ನಿಂತ ಮೇಲೆ ರಕ್ತ: ಇದೊಂದು ಸಾಲನ್ನು ದಯವಿಟ್ಟು ಮನೆಯ ಹಿರಿಯ ಹೆಂಗಸರಿಗೆ ಓದಿ ಹೇಳಿ. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಡಾಕ್ಟರಿಗೆ ತೋರಿಸಬೇಕು. ‘ಉಷ್ಣಕ್ಕೆ ಆಗಿದೆ’ ಎಂದು ಕೊತ್ತಂಬರಿ ಕಷಾಯ ಕುಡಿದು ಸುಮ್ಮನಾಗಬಾರದು. ಹಾಗೆ ಸುಮ್ಮನಾಗಿ ತಡವಾಗಿ ಬಂದವರ ಅರ್ಜಿಯೂ ನಮ್ಮ ಕಡತದಲ್ಲಿದೆ. ನಿಧಿಯಿಂದ ಹಣ ಕೊಟ್ಟೆವು. ಹೋದ ಕಾಲವನ್ನು ಕೊಡಲಾಗಲಿಲ್ಲ.

ಭಾಷೆಯ ತೊಡಕು

ಇಲ್ಲಿನ ಕನ್ನಡಿಗ ಹೆಂಗಸರಿಗೆ ಇನ್ನೊಂದು ತೊಂದರೆ ಉಂಟು. ಮೇಲಿನ ಕಾಯಿಲೆಗಳನ್ನು ಗುರುತಿಸಲು ಯಂತ್ರಕ್ಕಿಂತ ಮೊದಲು ಬೇಕಾಗುವುದು ರೋಗಿಯ ಮಾತು: ಎಷ್ಟು ದಿನ, ಎಷ್ಟು ರಕ್ತ, ಯಾವಾಗ ನೋವು. ಮದುವೆಯಾಗಿ ಕುಂದಾಪುರದಿಂದಲೋ ಹಾವೇರಿಯಿಂದಲೋ ಬಂದ ಹೆಣ್ಣುಮಗಳಿಗೆ ಗುಜರಾತಿ ಬಾರದು, ಹಿಂದಿ ಅಷ್ಟಕ್ಕಷ್ಟೆ. ಡಾಕ್ಟರ ಮುಂದೆ ಮಾತಾಡುವವನು ಗಂಡ. ಅವನಿಲ್ಲದಿದ್ದರೆ ಶಾಲೆಗೆ ಹೋಗುವ ಮಗ. ಮಗನ ಬಾಯಲ್ಲಿ ತಾಯಿ ತನ್ನ ಮುಟ್ಟಿನ ವಿಷಯ ಹೇಳಿಸಿಯಾಳೇ? ‘ಹೊಟ್ಟೆನೋವು’ ಎಂಬ ಒಂದೇ ಮಾತಿನಲ್ಲಿ ಎಲ್ಲ ಮುಗಿದುಹೋಗುತ್ತದೆ.

ಕೆಲವು ಪದ ಗೊತ್ತಿದ್ದರೂ ಅನುಕೂಲ. ಮುಟ್ಟಿಗೆ ಗುಜರಾತಿಯಲ್ಲಿ ‘ಮಾಸಿಕ್’, ರಕ್ತಕ್ಕೆ ‘ಲೋಹಿ’, ನೋವಿಗೆ ‘ದುಖಾವೊ’, ಬಿಳಿ ಮುಟ್ಟಿಗೆ ‘ಸಫೇದ್ ಪಾಣಿ’. ಗರ್ಭಕೋಶಕ್ಕೆ ಆಡುಮಾತಿನಲ್ಲಿ ‘ಕೋಥಳಿ’, ಅಂದರೆ ಚೀಲ. ‘ಕೋಥಳಿ ಕಢಾವಿ ನಾಖೊ’ ಎಂದು ಯಾರಾದರೂ ಸಲಹೆ ಕೊಟ್ಟರೆ ‘ಗರ್ಭಕೋಶ ತೆಗೆಸಿಬಿಡಿ’ ಎಂದರ್ಥ. ಅರ್ಥವಾಗದೆ ತಲೆಯಾಡಿಸಿ ಬರುವುದು ಬೇಡ.

ವಡೋದರಾದ ಒಂದು ಪ್ರಕರಣ ಹೇಳುತ್ತೇನೆ. ಹೋಟೆಲಿನ ಅಡುಗೆಯವರೊಬ್ಬರ ಪತ್ನಿ, ವಯಸ್ಸು ಮೂವತ್ತಾರು. ಆಪರೇಷನ್ನಿನ ಎಸ್ಟಿಮೇಟ್ ಇಟ್ಟು ಅರ್ಜಿ ಹಾಕಿದ್ದರು. ನಮ್ಮ ವೈದ್ಯೆ ಸದಸ್ಯರು ಆಕೆಯ ಜೊತೆ ಫೋನಿನಲ್ಲಿ ಕನ್ನಡದಲ್ಲೇ ಅರ್ಧ ಗಂಟೆ ಮಾತಾಡಿದರು. ‘ಇಷ್ಟು ದಿನ ಯಾರೂ ಇದನ್ನೆಲ್ಲ ಕೇಳಿರಲಿಲ್ಲ ಅಕ್ಕ’ ಎಂದರಂತೆ ಆಕೆ. ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಬಹಳ ಕಡಿಮೆ, ಥೈರಾಯ್ಡ್ ಮಂದ, ಗಡ್ಡೆ ಸಣ್ಣದು. ಸ್ಥಳೀಯ ತಜ್ಞರು ಥೈರಾಯ್ಡ್ ಮತ್ತು ಕಬ್ಬಿಣಾಂಶದ ಮಾತ್ರೆ ಆರಂಭಿಸಿ ಕಾದು ನೋಡೋಣ ಎಂದರು. ಕೆಲವು ತಿಂಗಳಲ್ಲಿ ರಕ್ತಸ್ರಾವ ಹತೋಟಿಗೆ ಬಂತು. ಗಡ್ಡೆಯ ಮೇಲೆ ನಿಗಾ ಇನ್ನೂ ಇದೆ. ಮುಂದೆ ಆಪರೇಷನ್ ಬೇಕಾದರೂ ಬೇಕಾಗಬಹುದು. ಆದರೆ ಅಂದು ಬೇಕಿರಲಿಲ್ಲ.

ಆ ಪರೀಕ್ಷೆಗಳ ಹಣ ಕೊಟ್ಟವರು ಸದಸ್ಯರೊಬ್ಬರು, ತಮ್ಮ ಜೇಬಿನಿಂದ. ಏಕೆಂದರೆ ನಮ್ಮ ನಿಧಿಯ ನಿಯಮವೂ ‘ಆಸ್ಪತ್ರೆಗೆ ದಾಖಲಾದವರಿಗೆ ಮಾತ್ರ’ ಎಂದೇ ಇದೆ. ಸಣ್ಣ ನಿಧಿ ದೊಡ್ಡ ಕಷ್ಟಕ್ಕೆ ಮೀಸಲಿರಲಿ ಎಂಬ ಸದುದ್ದೇಶದಿಂದ ಹಿರಿಯರು ಮಾಡಿದ ನಿಯಮ ಅದು. ಆಗ ಆಯುಷ್ಮಾನ್ ಕಾರ್ಡು ಇರಲಿಲ್ಲ. ಇಂದು ದೊಡ್ಡ ಖರ್ಚಿಗೆ ಸರ್ಕಾರ ಬಂದಿದೆ. ಸಣ್ಣ ಖರ್ಚಿಗೆ ಯಾರೂ ಇಲ್ಲ.

ಡಾಕ್ಟರ ಬಳಿ ಹೋಗುವಾಗ

1. ಮೂರು ತಿಂಗಳ ಮುಟ್ಟಿನ ದಿನಾಂಕ, ಎಷ್ಟು ದಿನ, ದಿನಕ್ಕೆ ಎಷ್ಟು ಪ್ಯಾಡ್, ನೋವು ಯಾವಾಗ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಒಯ್ಯಿರಿ.

2. ಹಳೆಯ ರಿಪೋರ್ಟು, ಚೀಟಿಗಳೆಲ್ಲ ಒಂದೇ ಫೈಲಿನಲ್ಲಿರಲಿ. ಆಸ್ಪತ್ರೆಯ ದಾಖಲೆ ಕೇಳಿದರೆ 72 ಗಂಟೆಗಳಲ್ಲಿ ಕೊಡಬೇಕು ಎಂಬ ನಿಯಮವಿದೆ.

3. ಆಪರೇಷನ್ ಎಂದರೆ ನಾಲ್ಕು ಪ್ರಶ್ನೆ ಕೇಳಿ: ಕಾಯಿಲೆಯ ಹೆಸರೇನು? ಔಷಧಿಯಿಂದ ಆಗದೇ? ಅಂಡಾಶಯ ಉಳಿಸುತ್ತೀರಾ? ಮೂರು ತಿಂಗಳು ಕಾದರೆ ಅಪಾಯವೇ?

4. ತುರ್ತಲ್ಲದಿದ್ದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ. ಅದು ನಿಮ್ಮ ಹಕ್ಕು, ಮೊದಲಿನ ಡಾಕ್ಟರಿಗೆ ಅವಮಾನವಲ್ಲ.

5. ತೆಗೆದ ಭಾಗವನ್ನು ಲ್ಯಾಬಿಗೆ ಕಳಿಸಿದ ಬಯಾಪ್ಸಿ ರಿಪೋರ್ಟು ಕೇಳಿ ಪಡೆದು ಜೋಪಾನವಾಗಿಡಿ.

ಎಲ್ಲಿಗೆ ಹೋಗಬಹುದು

ಅಹಮದಾಬಾದಿನಲ್ಲಿ ಅಸಾರ್ವಾದ ಸಿವಿಲ್ ಆಸ್ಪತ್ರೆ, ಮಣಿನಗರದ ಎಲ್.ಜಿ. ಆಸ್ಪತ್ರೆ ಇವೆ. ಸಿವಿಲ್ ಆವರಣದಲ್ಲೇ ಇರುವ, 1972ರಲ್ಲಿ ಸ್ಥಾಪನೆಯಾದ ಗುಜರಾತ್ ಕ್ಯಾನ್ಸರ್ ಮತ್ತು ಸಂಶೋಧನಾ ಸಂಸ್ಥೆ ಕ್ಯಾನ್ಸರಿನ ತಪಾಸಣೆ, ಚಿಕಿತ್ಸೆ ಎರಡಕ್ಕೂ ಹೆಸರಾದದ್ದು. ವಡೋದರಾದಲ್ಲಿ ಸಯಾಜಿ ಆಸ್ಪತ್ರೆ, ಗೋತ್ರಿಯ ಮೆಡಿಕಲ್ ಕಾಲೇಜು ಆಸ್ಪತ್ರೆ. ಸೂರತ್‌ನಲ್ಲಿ ಮಜೂರಾ ಗೇಟಿನ ನ್ಯೂ ಸಿವಿಲ್ ಮತ್ತು ಮಹಾನಗರಪಾಲಿಕೆಯ ಸ್ಮೀಮೇರ್ ಆಸ್ಪತ್ರೆ. ಇವೆಲ್ಲ ಸರ್ಕಾರಿ ಅಥವಾ ಅನುದಾನಿತ ಸಂಸ್ಥೆಗಳಾದ್ದರಿಂದ ಖರ್ಚು ಕಡಿಮೆ. ಸರತಿ ಉದ್ದ, ಕಾಯುವ ತಾಳ್ಮೆ ಬೇಕು.

ಹೋಟೆಲು, ಅಂಗಡಿಗಳ ಮಾಲೀಕ ಸದಸ್ಯರಲ್ಲಿ ಒಂದು ವಿಶೇಷ ವಿನಂತಿ. ತಿಂಗಳ ಸಂಬಳ 21,000 ರೂಪಾಯಿವರೆಗೆ ಇರುವ ಕೆಲಸಗಾರರಿಗೆ ಇಎಸ್‌ಐ ಅನ್ವಯಿಸುತ್ತದೆ. ಕೆಲಸಗಾರನ ಪಾಲು ಶೇ. 0.75, ಮಾಲೀಕರ ಪಾಲು ಶೇ. 3.25. ಆಯುಷ್ಮಾನ್‌ನಂತಲ್ಲದೆ ಇಎಸ್‌ಐನಲ್ಲಿ ಹೊರರೋಗಿ ತಪಾಸಣೆ, ಪರೀಕ್ಷೆ, ಔಷಧಿ ಎಲ್ಲವೂ ಕುಟುಂಬಕ್ಕೆ ಸಿಗುತ್ತದೆ. ಹುಡುಗರ ನೋಂದಣಿಯ ಜೊತೆಗೆ ಅವರ ಹೆಂಡತಿ, ಮಕ್ಕಳ ಹೆಸರೂ ಸೇರಿದೆಯೇ ಎಂದು ಒಮ್ಮೆ ನೋಡಿ. ಈ ಲೇಖನದ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ.

ಊರಿನಲ್ಲಿ ಮಾಡಿಸಿದ ಆಯುಷ್ಮಾನ್ ಕಾರ್ಡು ಇಲ್ಲಿ ನಡೆಯುತ್ತದೆಯೇ ಎಂಬುದನ್ನು ದಾಖಲಾಗುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸಿ. ಉಚಿತ ಸಹಾಯವಾಣಿ 14555. ಔಷಧಿಗೆ ಜನೌಷಧಿ ಕೇಂದ್ರದಲ್ಲಿ ಮೊದಲು ಕೇಳಿ. ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರು ಆರೋಗ್ಯ ವಿಮೆಯ ಕಡಿತದ ಮಿತಿಯೊಳಗೆ 5,000 ರೂಪಾಯಿವರೆಗೆ ಆರೋಗ್ಯ ತಪಾಸಣೆಯ ಖರ್ಚು ತೋರಿಸಬಹುದು. ನಗದಾಗಿ ಕೊಟ್ಟಿದ್ದರೂ ನಡೆಯುತ್ತದೆ. ಈ ವರ್ಷ ಅದನ್ನು ಮನೆಯ ಹೆಂಗಸರ ಹೆಸರಿನಲ್ಲಿ ಖರ್ಚು ಮಾಡಿ.

ದಾನಿಗಳಲ್ಲಿ ನಮ್ಮ ಕೋರಿಕೆ

ವೈದ್ಯಕೀಯ ನೆರವು ನಿಧಿಯೊಳಗೆ ‘ಮಹಿಳಾ ತಪಾಸಣಾ ನೆರವು’ ಎಂಬ ಪ್ರತ್ಯೇಕ ಖಾತೆ ತೆರೆಯಬೇಕೆಂಬ ಸಲಹೆಯನ್ನು ಕಾರ್ಯಕಾರಿ ಸಮಿತಿಯ ಮುಂದೆ ಇಟ್ಟಿದ್ದೇವೆ. ಬರುವ ಸರ್ವಸದಸ್ಯರ ಸಭೆಯಲ್ಲಿ ನಿಯಮದ ತಿದ್ದುಪಡಿ ಚರ್ಚೆಗೆ ಬರಲಿದೆ. ರೂಪುರೇಷೆ ಹೀಗಿದೆ.

ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಸೋನೋಗ್ರಫಿ, ಗರ್ಭಕಂಠದ ತಪಾಸಣೆ, ವೈದ್ಯರು ಬರೆದರೆ ಬಯಾಪ್ಸಿ ಮತ್ತು ಆರು ತಿಂಗಳವರೆಗಿನ ಔಷಧಿ ಇವಕ್ಕೆ ನೆರವು. ಹಣ ನೇರವಾಗಿ ಲ್ಯಾಬಿಗೆ ಅಥವಾ ಔಷಧಿ ಅಂಗಡಿಗೆ, ಬಿಲ್ಲಿನ ಮೇಲೆ. ಅರ್ಜಿಯನ್ನು ಮಹಿಳಾ ಸದಸ್ಯರೇ ಪಡೆದು, ವೈದ್ಯೆ ಸದಸ್ಯರೇ ನೋಡುತ್ತಾರೆ. ನನ್ನಂಥ ಲೆಕ್ಕ ತಪಾಸಣೆಯವರಿಗೆ ಬರುವುದು ಕ್ರಮಸಂಖ್ಯೆ ಮತ್ತು ಬಿಲ್ಲಿನ ಮೊತ್ತ ಮಾತ್ರ. ಹೆಸರು, ಕಾಯಿಲೆ ಯಾವ ವರದಿಯಲ್ಲೂ ಅಚ್ಚಾಗುವುದಿಲ್ಲ. ಆಪರೇಷನ್ನಿನ ಅರ್ಜಿಗಳಿಗೆ ಈಗಿರುವ ನೆರವು ಹಾಗೆಯೇ ಮುಂದುವರಿಯುತ್ತದೆ. ಪರೀಕ್ಷೆಯ ಕಾಗದಗಳಿಲ್ಲದೆ ಬಂದವರನ್ನು ತಿರಸ್ಕರಿಸದೆ, ಆ ಪರೀಕ್ಷೆಗಳನ್ನು ಮಾಡಿಸಿಕೊಡುತ್ತೇವೆ.

ಹಣದಷ್ಟೇ ಸಮಯವೂ ಬೇಕು. ಗುಜರಾತಿ ಬಲ್ಲ, ನಿವೃತ್ತರಾಗಿರುವ ಅಥವಾ ಮಧ್ಯಾಹ್ನ ಬಿಡುವಿರುವ ಅಕ್ಕತಂಗಿಯರು ಮೂರೂ ನಗರಗಳಲ್ಲಿ ಮುಂದೆ ಬಂದರೆ, ತಿಂಗಳಿಗೆ ಒಂದೆರಡು ಸಲ ಒಬ್ಬ ಹೆಣ್ಣುಮಗಳ ಜೊತೆ ಆಸ್ಪತ್ರೆಗೆ ಹೋಗಿ ಅವಳ ಮಾತನ್ನು ಡಾಕ್ಟರಿಗೆ ತಲುಪಿಸಬಹುದು. ಇದಕ್ಕೆ ವೈದ್ಯಕೀಯ ಜ್ಞಾನ ಬೇಕಿಲ್ಲ. ಕೇಳಿದ್ದನ್ನು ಹೊರಗೆ ಆಡದ ನಾಲಿಗೆ ಬೇಕು.

ದೇಣಿಗೆ ಕೊಡುವವರು ಎಂದಿನಂತೆ ಚೆಕ್ ಮೂಲಕ ಅಥವಾ ಸಂಘದ ಬ್ಯಾಂಕ್ ಖಾತೆಗೆ ಕಳಿಸಿ, ‘ತಪಾಸಣಾ ನೆರವು’ ಎಂದು ಗುರುತು ಹಾಕಿ. ಮೊತ್ತ ಎಷ್ಟೇ ಇರಲಿ. ಒಂದು ದೊಡ್ಡ ಆಪರೇಷನ್ನಿಗೆ ನಾವು ಕೊಡುವ ಹಣ ಬಿಲ್ಲಿನ ಒಂದು ಮೂಲೆಗೂ ಸಾಲುವುದಿಲ್ಲ. ಅದೇ ಹಣದಲ್ಲಿ ಹಲವು ಹೆಣ್ಣುಮಕ್ಕಳಿಗೆ ತಮ್ಮ ಕಾಯಿಲೆ ಏನೆಂಬುದು ಗೊತ್ತಾಗುತ್ತದೆ. ಸರ್ವಸದಸ್ಯರ ಸಭೆಗೆ ತಪ್ಪದೆ ಬನ್ನಿ, ತಿದ್ದುಪಡಿಯನ್ನು ಬೆಂಬಲಿಸಿ. ಸಾಧ್ಯವಾದರೆ ಮನೆಯ ಹೆಂಗಸರನ್ನೂ ಕರೆತನ್ನಿ; ಈ ವಿಷಯದಲ್ಲಿ ಅವರ ಮಾತೇ ಮೊದಲು ಕೇಳಬೇಕಾದದ್ದು.